ಕೊಟ್ಟೂರಿನ ಹಿತ್ತಲಿನ ಗೆಣಸಿನ ಬಳ್ಳಿ

ಕೊಟ್ಟೂರೆಂದೊಡನೆ ನಮ್ಮ ಸೀಮೆಯ ಜನರಿಗೆ ನೆನಪಾಗುವ ಸಂಗತಿಗಳು ಎರಡು: ಒಂದು, ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು, ಇನ್ನೊಂದು, ಮಂಡಕ್ಕಿ ಮಿರ್ಚಿ. ಮೊದಲನೆಯದು ಭಕ್ತರ ಪಾಲಿನದು, ಎರಡನೆಯದು ಭಕ್ತರಿಗೂ ಭಕ್ತರಲ್ಲದವರಿಗೂ ಸಮನಾದುದು. ಇವೆರಡನ್ನೂ ಕುರಿತು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು, ಆ ಊರಿನ ಒಂದು ಮನೆಯ ಹಿತ್ತಲಿನಲ್ಲಿ, ಬಚ್ಚಲಿನ ಮೋರಿಯ ಪಕ್ಕದಲ್ಲಿ ನಾವು ಕಂಡ ಒಂದು ಗೆಣಸಿನ ಬಳ್ಳಿಯ ಸಂಗತಿ. ವಿಷಯವು ಅಲ್ಪವೆಂದು ವಾಚಕರು ಪುಟ ತಿರುವಬಾರದಾಗಿ ಬೇಡುತ್ತೇವೆ. ಒಂದು ಮನೆತನದವರು ಮೂರು ತಲೆಮಾರು ಕಾಪಾಡಿಕೊಂಡು ಬಂದ ವಸ್ತುವು ನಮ್ಮ ಅಜಾಗರೂಕತೆಯಿಂದ ಅಳಿದುಹೋಗುವುದರಲ್ಲಿದ್ದು, ಹೇಗೋ ಉಳಿದುಕೊಂಡ ಕಥೆಯಿದು.

ಹೊಸಪೇಟೆಯಿಂದ ಕೊಟ್ಟೂರಿಗೆ ರೈಲುಹಳಿ ಬಂದುದು ೧೯೦೫ರಲ್ಲಿ. ಬಹುಕಾಲ ಕೊಟ್ಟೂರೇ ಆ ಹಳಿಯ ಕಡೆಯ ನಿಲ್ದಾಣವಾಗಿತ್ತು. ಈಗ ಅದು ಹರಿಹರದವರೆಗೂ ಮುಂದುವರಿದಿದೆ. ಗಾಡಿಯು ಹೊಸಪೇಟೆಯನ್ನು ಬಿಟ್ಟ ತರುವಾಯ ಒಂದು ಕಡೆ ಸೊಂಡೂರಿನ ಕೆಂಪು ಗುಡ್ಡಗಳೂ, ಮತ್ತೊಂದು ಕಡೆ ತುಂಗಭದ್ರೆಯ ಹಿನ್ನೀರಿನ ಹೊಳಪೂ ಕಣ್ಣಿಗೆ ಬೀಳುತ್ತವೆ. ಮರಿಯಮ್ಮನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ನೀರಿನ ಗುರುತು ಹಿಂದೆ ಉಳಿದು, ಜೋಳ, ಮೆಕ್ಕೆಜೋಳ, ಸೇಂಗಾ, ಈರುಳ್ಳಿಗಳ ಬಯಲು ಆರಂಭವಾಗುತ್ತದೆ. ಕೆಲವು ಹೊಲ ಕೆಂಪು ಮಸಾರಿ, ಅದರ ಪಕ್ಕದ್ದೇ ಕರಿಯ ಎರೆ. ಆಕಾಶವನ್ನು ನೋಡಿ ಬಿತ್ತುವ ನಾಡು ಇದು.

ಈ ಊರು ಮೊದಲು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ಈಚೆಗೆ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿ, ೨೦೨೧ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಯೊಳಗೆ ಸೇರಿಕೊಂಡಿದೆ. ಜಿಲ್ಲೆಯ ಹೆಸರು ಬದಲಾದರೂ ಮಳೆಯ ಸ್ವಭಾವ ಬದಲಾಗಲಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಅತಿ ಹೆಚ್ಚಾಗಿ ಬಳಲಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಧಾತು, ಈಶ್ವರ ಸಂವತ್ಸರಗಳ ಆ ಬರದ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಉಳಿದಿತ್ತು. ಅಂತಹ ನಾಡಿನಲ್ಲಿ ಹಿತ್ತಲೆಂಬುದು ವಿಲಾಸದ ಸ್ಥಳವಲ್ಲ. ಹೊಲ ಕೈಬಿಟ್ಟಾಗ ಕೈಹಿಡಿಯತಕ್ಕ ಸ್ಥಳ.

ನಮ್ಮ ಸೋದರತ್ತೆಯವರ ಮನೆಯು ದೊಡ್ಡ ಮಠಕ್ಕೆ ಹತ್ತಿರದ ಒಂದು ಓಣಿಯಲ್ಲಿದೆ. ಅವರ ಹಿತ್ತಲು ಹೆಚ್ಚೆಂದರೆ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಒಂದು ನುಗ್ಗೆಯ ಮರ, ಒಂದು ಕರಿಬೇವು, ನಾಲ್ಕು ಬದನೆಯ ಗಿಡ, ಮೂಲೆಯಲ್ಲಿ ಗೆಣಸಿನ ಮಡಿ. ಅತ್ತೆಯವರು ಸೊಸೆಯಾಗಿ ಆ ಮನೆಗೆ ಬಂದಾಗಲೇ ಆ ಬಳ್ಳಿ ಅಲ್ಲಿತ್ತಂತೆ. ಅವರ ಅತ್ತೆಯವರು ತಮ್ಮ ತವರಿನಿಂದ ತಂದು ನೆಟ್ಟುದು. ತೊಗಟೆ ಕೆಂಪು, ತಿರುಳು ಬಿಳಿ. ಬೇಯಿಸಿದರೆ ಹಿಟ್ಟಿನಂತೆ ಉದುರುತ್ತದೆ. ಅದಕ್ಕೆ ಹೆಸರಿಲ್ಲ. ಓಣಿಯವರು ‘ನಿಮ್ಮನಿ ಗೆಣಸು’ ಎನ್ನುತ್ತಾರೆ, ಅಷ್ಟೆ.

ಗೆಣಸೆಂಬ ಮಾತನ್ನು ನಮ್ಮ ಜನ ಹಲವು ಕಂದಗಳಿಗೆ ಬಳಸುತ್ತಾರೆ: ಮರಗೆಣಸು, ಹೆಗ್ಗೆಣಸು, ತೂಣಗೆಣಸು ಇತ್ಯಾದಿ. ಇವುಗಳಲ್ಲಿ ಸಿಹಿಗೆಣಸು ದೂರದಿಂದ ಬಂದ ಅತಿಥಿ. ಅದರ ಮೂಲಸ್ಥಾನ ಅಮೆರಿಕಾ ಖಂಡ. ನಮ್ಮ ದೇಶಕ್ಕೆ ಅದನ್ನು ತಂದವರು ಪೋರ್ಚುಗೀಸರು. ಆಲೂಗಡ್ಡೆಗೂ ಇದಕ್ಕೂ ಬಂಧುತ್ವವಿಲ್ಲ. ನಮ್ಮ ಚಪ್ಪರಗಳ ಮೇಲೆ ಹಬ್ಬುವ ಕಾಮಲತೆಯ ಕುಲಕ್ಕೆ ಸೇರಿದ ಬಳ್ಳಿಯಿದು. ಹೂ ಬಿಟ್ಟಾಗ ಅದರ ತುತ್ತೂರಿಯ ಆಕಾರವನ್ನು ನೋಡಿದರೆ ಈ ನಂಟು ತಾನೇ ತಿಳಿಯುತ್ತದೆ. ಹೀಗೆ ಸಮುದ್ರ ದಾಟಿ ಬಂದುದಾದರೂ ಅದು ನಮ್ಮ ಶಿವರಾತ್ರಿಯ ಫಲಾಹಾರದಲ್ಲಿ ಹೇಗೆ ಬೆರೆತುಹೋಗಿದೆಯೆಂದರೆ, ಗೆಣಸಿಲ್ಲದ ಶಿವರಾತ್ರಿಯನ್ನು ನಮ್ಮ ಮನೆಗಳಲ್ಲಿ ಯಾರೂ ಊಹಿಸಲಾರರು.

ಕೊಟ್ಟೂರಿನ ತೇರು ನಡೆಯುವುದು ಮಾಘ ಬಹುಳದಲ್ಲಿ, ಶಿವರಾತ್ರಿಗೆ ಕೆಲವೇ ದಿನಗಳ ಮುಂಚೆ. ದಾವಣಗೆರೆಯ ಕಡೆಯಿಂದಲೂ ಸುತ್ತಣ ಸೀಮೆಗಳಿಂದಲೂ ಸಾವಿರಾರು ಜನ ಕಾಲುನಡಿಗೆಯಲ್ಲಿ ಬರುತ್ತಾರೆ. ಅತ್ತೆಯವರ ಮನೆಯಲ್ಲಿ ಆ ದಿನಗಳಲ್ಲಿ ಜಗಲಿಯ ಮೇಲೆ ಅಪರಿಚಿತರು ಮಲಗಿರುವುದು ವಾಡಿಕೆ. ಅವರಿಗೆ ಬೆಳಗಿನಲ್ಲಿ ಬೇಯಿಸಿದ ಗೆಣಸನ್ನು ಕೊಡುವುದು ಆ ಮನೆಯ ಹಳೆಯ ಪದ್ಧತಿ. ಮಡಿಯು ಸಣ್ಣದಾದ್ದರಿಂದ ಪ್ರತಿಯೊಬ್ಬರಿಗೂ ಒಂದೊಂದು ತುಂಡು ಬಂದರೆ ಹೆಚ್ಚು. ಆದರೂ ಆ ಪದ್ಧತಿಯನ್ನು ಅವರು ಬಿಟ್ಟವರಲ್ಲ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ನಾವು ಅಲ್ಲಿಗೆ ಹೋದಾಗ, ಉಡುಗೊರೆಯೆಂದು ಬೇರೊಂದು ಊರಿನ ಸಂತೆಯಲ್ಲಿ ಕೊಂಡ ಒಂದು ಕಟ್ಟು ಗೆಣಸಿನ ಬಳ್ಳಿಯನ್ನು ಒಯ್ದೆವು. ಮಾರುವವನು ಅದರ ಇಳುವರಿಯನ್ನು ಬಹಳವಾಗಿ ಹೊಗಳಿದ್ದನು. ಬಳ್ಳಿ ದಪ್ಪವಾಗಿ, ಬುಡದ ಕಡೆಯ ತುಂಡುಗಳಾಗಿ ಇದ್ದುವು. ದಪ್ಪವಾದುದೆಲ್ಲ ಒಳ್ಳೆಯದೆಂಬ ಭ್ರಾಂತಿಯಿಂದ ನಾವು ಒಂದನ್ನೂ ಸೀಳಿ ನೋಡಲಿಲ್ಲ. ಅತ್ತೆಯವರು ನಮ್ಮ ಮೇಲಿನ ಅಕ್ಕರೆಯಿಂದ ತಮ್ಮ ಬಳ್ಳಿಯ ಪಕ್ಕದಲ್ಲಿಯೇ ಅದನ್ನು ನೆಟ್ಟರು.

ಮಾಘದಲ್ಲಿ ಅಗೆದಾಗ ಗೆಡ್ಡೆಗಳ ಮೈಯೆಲ್ಲ ಸೂಜಿಯಿಂದ ಚುಚ್ಚಿದಂತೆ ತೂತುಗಳು. ಕತ್ತರಿಸಿದರೆ ಒಳಗೆ ಕರಿಯ ಸುರಂಗ, ಮೂಗಿಗೆ ಬಡಿಯುವ ಕೆಟ್ಟ ವಾಸನೆ, ಬಾಯಿಗಿಟ್ಟರೆ ಕಹಿ. ಇದು ಗೆಣಸಿನ ಮೂತಿಹುಳುವಿನ ಕೆಲಸ. ಇರುವೆಯನ್ನು ಹೋಲುವ, ನೀಲಗಪ್ಪು ಮೈಯ, ಕೆಂಪು ಎದೆಯ ಈ ಸಣ್ಣ ಕೀಟವು ಬಳ್ಳಿಯ ಬುಡದಲ್ಲಿಯೂ ಗೆಡ್ಡೆಯಲ್ಲಿಯೂ ಮೊಟ್ಟೆಯಿಡುತ್ತದೆ. ಮರಿಗಳು ಒಳಗೇ ಕೊರೆದುಕೊಂಡು ಬೆಳೆಯುತ್ತವೆ. ನಾವು ತಂದ ದಪ್ಪ ಬಳ್ಳಿಯೊಳಗೆ ಅದು ಮೊದಲೇ ಮನೆಮಾಡಿತ್ತು. ನಮ್ಮ ಬಳ್ಳಿಯಿಂದ ಅತ್ತೆಯವರ ಬಳ್ಳಿಗೂ ಹಬ್ಬಿತು. ಆ ವರ್ಷ ಜಗಲಿಯ ಅತಿಥಿಗಳಿಗೆ ಗೆಣಸಿಲ್ಲ. ಶಿವರಾತ್ರಿಗೆ ಪೇಟೆಯಿಂದ ತರಿಸಬೇಕಾಯಿತು. ಅತ್ತೆಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಂತಹ ಕೆಟ್ಟ ಗೆಡ್ಡೆಗಳನ್ನು ಅವರ ಮನೆಯ ಆಳು ಎಮ್ಮೆಗೆ ಹಾಕಲು ಹೊರಟಿದ್ದನು. ಪುಣ್ಯವಶದಿಂದ ಪಕ್ಕದ ಮನೆಯ ಹಿರಿಯರೊಬ್ಬರು ತಡೆದರು. ಹುಳು ಹಿಡಿದು ಬೂಷ್ಟು ಬಂದ ಗೆಣಸಿನಲ್ಲಿ ಹುಟ್ಟುವ ವಿಷವು ದನಗಳ ಶ್ವಾಸಕೋಶವನ್ನು ಕೆಡಿಸಿ ಪ್ರಾಣಕ್ಕೇ ತರಬಹುದು. ಈ ಸಂಗತಿಯನ್ನು ಗೃಹಿಣಿಯರು ನೆನಪಿನಲ್ಲಿಡಬೇಕು. ಅಂತಹ ಗೆಡ್ಡೆಯನ್ನೂ ಬಳ್ಳಿಯನ್ನೂ ಗೊಬ್ಬರದ ಗುಂಡಿಗೂ ಹಾಕಬಾರದು, ಸುಡಬೇಕು.

ಮಡಿಯನ್ನೆಲ್ಲ ಕಿತ್ತು ಸುಟ್ಟರು. ಉಳಿದುದು ಒಂದೇ ಒಂದು ತುಂಡು. ಯಾವಾಗಲೋ ಒಡೆದ ಮಡಕೆಯಲ್ಲಿ ಮೊಮ್ಮಗಳು ಆಟಕ್ಕೆಂದು ನೆಟ್ಟಿದ್ದ ಒಂದು ಗೇಣು ಬಳ್ಳಿ. ಆ ಬೇಸಗೆಯಲ್ಲಿ ಮನೆಯ ಕೊಳವೆಬಾವಿಯೂ ಬತ್ತಿತು. ಕುಡಿಯುವ ನೀರನ್ನೇ ಕೊಡದಲ್ಲಿ ಎಣಿಸಿ ತರುವ ದಿನಗಳಲ್ಲಿ ಬಳ್ಳಿಗೆ ನೀರು ಹಾಕುವವರಾರು? ಅತ್ತೆಯವರು ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಇವನ್ನು ಒಂದು ಚರಿಗೆಯಲ್ಲಿ ಕೂಡಿಟ್ಟು, ಸಂಜೆಗೊಮ್ಮೆ ಆ ಮಡಕೆಗೆ ಎರೆಯುತ್ತಿದ್ದರು. ಚೈತ್ರ ವೈಶಾಖಗಳಲ್ಲಿ ಎಲೆಯೆಲ್ಲ ಉದುರಿ ಕಡ್ಡಿಯಂತಾದರೂ ಬಿಡಲಿಲ್ಲ.

ಅವರು ಅಷ್ಟು ಶ್ರಮಪಟ್ಟುದು ಏಕೆಂದು ನಾವು ಕೇಳಿದಾಗ ಅವರು ಹೇಳಿದ ಮಾತು ಇದು: “ತಮ್ಮಾ, ಸ್ವಾಮಿ ತೇರು ಮುರದು ಬಿತ್ತು, ಹೊಸಾದು ಕಟ್ಟಿದ್ರು. ಈ ಬಳ್ಳಿ ಹೋತು ಅಂದ್ರ ಯಾರು ಕಟ್ಟತಾರ? ಇದಕ್ಕ ಬೀಜ ಇಲ್ಲಪಾ.”

೨೦೧೭ರ ಫೆಬ್ರುವರಿಯಲ್ಲಿ ರಥೋತ್ಸವದ ದಿನವೇ ಕೊಟ್ಟೂರಿನ ದೊಡ್ಡ ತೇರು ಉರುಳಿಬಿದ್ದು, ತರುವಾಯ ಹೊಸ ತೇರನ್ನು ನಿರ್ಮಿಸಿದ ಸಂಗತಿಯನ್ನು ಅವರು ಹೇಳುತ್ತಿದ್ದರು. ಬಡಗಿಗೆ ಅಳತೆ ಗೊತ್ತು, ಮರ ಸಿಕ್ಕುತ್ತದೆ. ಆದುದರಿಂದ ತೇರು ಮತ್ತೆ ಏಳುತ್ತದೆ. ಆದರೆ ಗೆಣಸಿನ ತಳಿಯು ಜೋಳದಂತೆ ಕಾಳಿನಲ್ಲಿ ಉಳಿಯುವುದಿಲ್ಲ. ಎಂದೋ ಅಪರೂಪಕ್ಕೆ ಅದರಲ್ಲಿ ಬೀಜ ಕಟ್ಟಿದರೂ ಆ ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆ ಇರುವುದಿಲ್ಲ. ಬಳ್ಳಿಯ ತುಂಡಿನಿಂದ ಬಳ್ಳಿ, ಅದರ ತುಂಡಿನಿಂದ ಮತ್ತೊಂದು: ಹೀಗೆ ಒಂದೇ ಜೀವವು ಕೈಯಿಂದ ಕೈಗೆ ನಡೆದುಬರಬೇಕು. ಒಂದು ಬೇಸಗೆ ಕೈತಪ್ಪಿದರೆ ಸಾಕು, ಸರಪಣಿ ಕಡಿದಂತೆಯೇ. ಹೆಸರಿಲ್ಲದ ಮನೆತಳಿಗಳು ಎಷ್ಟೋ ಹೀಗೆಯೇ ಹೋಗಿರಬೇಕು. ಹೋದುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮುಂದಿನ ದೀಪಾವಳಿಗೆ ಹೊರಡುವ ಮೊದಲು ನಾವು ನಮ್ಮ ತಪ್ಪನ್ನು ತಿದ್ದಿಕೊಳ್ಳಬೇಕೆಂದು ನಿಶ್ಚಯಿಸಿ, ಗೆಣಸಿನ ವಿಚಾರವನ್ನು ಬಲ್ಲವರಲ್ಲಿ ಕೇಳಿ ತಿಳಿದೆವು. ೧೯೬೩ರಲ್ಲಿ ತಿರುವನಂತಪುರದ ಶ್ರೀಕಾರ್ಯದಲ್ಲಿ ಸ್ಥಾಪಿತವಾದ ಕೇಂದ್ರ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆಯವರು ಅನೇಕ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ನಮ್ಮ ನಾಡಿನಲ್ಲಿ ಧಾರವಾಡದ ತೋಟಗಾರಿಕೆಯ ಕೇಂದ್ರದಲ್ಲಿಯೂ ಗೆಡ್ಡೆಬೆಳೆಗಳ ಪ್ರಯೋಗ ನಡೆಯುತ್ತಿದೆ. ಬೆಳಗಾವಿ, ಖಾನಾಪುರಗಳ ಕಡೆ ಮುಂಗಾರಿನಲ್ಲಿ ಇದನ್ನು ಹೊಲದ ಬೆಳೆಯಾಗಿಯೇ ಬೆಳೆದು ದೂರದ ಪೇಟೆಗಳಿಗೆ ಕಳುಹಿಸುತ್ತಾರೆ.

ಮನೆಯ ಹಿತ್ತಲಿಗೆ ತಳಿಯನ್ನು ಆರಿಸುವಾಗ ನೋಡತಕ್ಕ ಅಂಶಗಳು ಮುಖ್ಯವಾಗಿ ಮೂರು: ಎಷ್ಟು ದಿನಕ್ಕೆ ಬರುತ್ತದೆ, ತಿರುಳು ಎಂತಹುದು, ನೀರಿನ ಕೊರತೆಯನ್ನು ತಾಳುತ್ತದೆಯೇ. ಶ್ರೀಕನಕ ಎಂಬ ತಳಿಯು ಎಪ್ಪತ್ತೈದರಿಂದ ಎಂಬತ್ತೈದು ದಿನಗಳಲ್ಲಿಯೇ ಬರುತ್ತದೆ; ಅದರ ತಿರುಳು ಗಾಢವಾದ ಕಿತ್ತಳೆ ಬಣ್ಣದ್ದು. ಶ್ರೀಭದ್ರಾ, ಶ್ರೀಅರುಣ್‍ಗಳು ಸುಮಾರು ತೊಂಬತ್ತು ದಿನಗಳವು. ತೊಗಟೆ ನಸುಗೆಂಪು, ತಿರುಳು ಕೆನೆಯ ಬಣ್ಣ. ಶ್ರೀನಂದಿನಿಯು ನೂರು ದಿನದಾಚೆ ಬರುವುದಾದರೂ ನೀರಿನ ಕೊರತೆಯನ್ನು ತಾಳುವುದೆಂದು ಹೆಸರಾಗಿದೆ, ತಿರುಳು ಬಿಳಿ. ಈಚಿನವಾದ ಭೂ ಸೋನಾದ ತಿರುಳು ಕಿತ್ತಳೆ, ಭೂ ಕೃಷ್ಣಾದ ತಿರುಳು ನೇರಳೆ.

ಕಿತ್ತಳೆ ತಿರುಳಿನ ಗೆಣಸಿಗೆ ಲೋಕದಲ್ಲಿ ಒಂದು ವಿಶೇಷ ಮರ್ಯಾದೆಯುಂಟು. ಆ ಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಆ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆಂಬುದು ತಿಳಿದ ಸಂಗತಿ. ಆಫ್ರಿಕಾದ ಮಕ್ಕಳಿಗೆ ಈ ಗೆಣಸನ್ನು ತಲುಪಿಸಿದ ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ, ಜಾನ್ ಲೋ ಎಂಬವರಿಗೆ, ಹೊವಾರ್ತ್ ಬೂಯಿಸ್ ಎಂಬವರೊಂದಿಗೆ, ೨೦೧೬ರ ವಿಶ್ವ ಆಹಾರ ಪ್ರಶಸ್ತಿಯು ದೊರೆಯಿತು. ಬರಗಾಲದಲ್ಲಿ ಜನರನ್ನು ಉಳಿಸಿದ ಕೀರ್ತಿಯೂ ಗೆಣಸಿಗೆ ಹಳೆಯದೇ. ಜಪಾನಿನಲ್ಲಿ ೧೭೩೨ರ ಕ್ಷಾಮದ ತರುವಾಯ ಅಓಕಿ ಕೊನ್ಯೋ ಎಂಬ ಪಂಡಿತನು ರಾಜಧಾನಿಯ ಸೀಮೆಯಲ್ಲಿ ಇದನ್ನು ಬೆಳೆಸಿ ಪ್ರಚಾರ ಮಾಡಿದನು. ಜನರು ಅವನನ್ನು ‘ಗೆಣಸಿನ ಗುರುಗಳು’ ಎಂದೇ ಕರೆದರು. ಒಬ್ಬ ಪಂಡಿತನಿಗೆ ಇದಕ್ಕಿಂತ ಒಳ್ಳೆಯ ಬಿರುದು ಬೇಕೆಂದು ನಮಗೆ ತೋರುವುದಿಲ್ಲ.

ಪರಿಚಿತ ಕೃಷಿಕರೊಬ್ಬರ ತೋಟದಿಂದ ಶ್ರೀಕನಕ, ಶ್ರೀಭದ್ರಾ ಎರಡರ ಕುಡಿಗಳನ್ನು ಈ ಸಲ ನಾವೇ ನಿಂತು ಕೊಯ್ಯಿಸಿದೆವು. ಬುಡದ ಭಾಗವನ್ನು ಬಿಟ್ಟು ತುದಿಯ ಒಂದು ಗೇಣಿಗಿಂತ ತುಸು ಹೆಚ್ಚು ಉದ್ದದ ಎಳೆಯ ಕುಡಿಗಳನ್ನೇ ತೆಗೆದುಕೊಂಡೆವು. ಹುಳುವಿನ ಮೊಟ್ಟೆ ಬುಡದಲ್ಲಿ ಇರುವಷ್ಟು ತುದಿಯಲ್ಲಿ ಇರುವುದಿಲ್ಲ. ಒಂದೆರಡನ್ನು ಸೀಳಿ ನೋಡಿದೆವು, ಒಳಗೆ ಶುದ್ಧವಾಗಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ಒಯ್ದೆವು. ಎರಡು ದಿನ ನೆರಳಿನಲ್ಲಿದ್ದ ಕುಡಿಯು ನೆಟ್ಟಾಗ ಬೇಗ ಬೇರು ಬಿಡುತ್ತದೆಯಾದುದರಿಂದ ಪ್ರಯಾಣವು ಅದಕ್ಕೆ ಹಾನಿಯಾಗದೆ ಹಿತವೇ ಆಯಿತು.

ಅಲ್ಲಿ ಒಂದು ಸಣ್ಣ ಚರ್ಚೆ ಕಾದಿತ್ತು. ಅತ್ತೆಯವರ ಮಗನಿಗೆ ಹೊಸ ತಳಿಗಳ ಮೇಲೆಯೇ ಮನಸ್ಸು. “ಇರೋದು ಇಷ್ಟು ನೀರು, ಇಷ್ಟು ಜಾಗ. ಎಲ್ಲಾ ಕೇಸರಿ ಗೆಣಸೇ ಹಾಕೋಣ, ಹುಡುಗರ ಕಣ್ಣಿಗಾದ್ರೂ ಚಲೋ ಆಗತೈತಿ” ಎಂದು ಅವನ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಡಕೆಯಲ್ಲಿ ಉಳಿದಿದ್ದ ಹಳೆಯ ಬಳ್ಳಿಯಿಂದ ಮಳೆಗಾಲದಲ್ಲಿ ಬೆಳೆಸಿಕೊಂಡ ಕುಡಿಗಳು ಹದಿನೈದೇ. ಅತ್ತೆಯವರು ಏನನ್ನೂ ಹೇಳದೆ ಆ ಹದಿನೈದನ್ನು ತಂದು ಮಡಿಯ ಅಂಚಿನಲ್ಲಿಟ್ಟು, “ಒಂದು ಸಾಲು ಬಿಡ್ರಪಾ” ಎಂದರು. ಮಗನು ಒಂದು ಗಳಿಗೆ ಸುಮ್ಮನಿದ್ದು, ಗುದ್ದಲಿ ತೆಗೆದುಕೊಂಡನು. ಮೂರು ತಳಿಗೆ ಮೂರು ಸಾಲೆಂದು ನಿಶ್ಚಯವಾಯಿತು.

ಹಿಂದಿನ ಮಡಿಯು ಎರೆಯ ಮಣ್ಣಿನದು. ಎರೆಯು ಒಣಗಿದಾಗ ಬಿರುಕು ಬಿಡುತ್ತದೆ. ಮೂತಿಹುಳುವಿಗೆ ನೆಲವನ್ನು ಅಗೆಯುವ ಶಕ್ತಿಯಿಲ್ಲ. ಅದು ಈ ಬಿರುಕುಗಳ ದಾರಿಯಲ್ಲಿಯೇ ಗೆಡ್ಡೆಯವರೆಗೆ ಇಳಿಯುತ್ತದೆ. ನಮ್ಮ ಕೆಟ್ಟ ಬಳ್ಳಿಯು ಹುಳುವನ್ನು ತಂದಿತು, ಬಿರಿದ ಎರೆಯು ಅದಕ್ಕೆ ಬಾಗಿಲು ತೆರೆಯಿತು. ಆದಕಾರಣ ಈ ಸಲ ಹಿತ್ತಲಿನ ಮತ್ತೊಂದು ಮೂಲೆಯನ್ನು ಆರಿಸಿ, ಊರ ಹೊರಗಿನಿಂದ ಕೆಂಪು ಮಸಾರಿಯನ್ನು ತರಿಸಿ, ಸ್ವಲ್ಪ ಮರಳನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರೆಸಿ, ಹತ್ತು ಅಡಿ ಉದ್ದದ ಮೂರು ಏರಿಗಳನ್ನು ಕಟ್ಟಿದೆವು. ಏರಿಯಿಂದ ಏರಿಗೆ ಎರಡು ಅಡಿ, ಎತ್ತರ ಒಂದು ಅಡಿ. ಒಲೆಯ ಬೂದಿಯನ್ನು ಮೇಲೆ ಎರಚಿದೆವು. ಗೊಬ್ಬರವನ್ನು ಅತಿಯಾಗಿ ಹಾಕಿದರೆ ಬಳ್ಳಿ ಸೊಕ್ಕಿ ಹಬ್ಬುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ಇದು ಗೆಣಸು ಬೆಳೆಯುವವರು ಸಾಮಾನ್ಯವಾಗಿ ಮಾಡುವ ತಪ್ಪು.

ಕುಡಿಗಳನ್ನು ಗೇಣಿಗೊಂದರಂತೆ, ನಡುವಿನ ಎರಡು ಮೂರು ಗಿಣ್ಣುಗಳು ಮಣ್ಣಿನೊಳಗಿರುವಂತೆ ನೆಟ್ಟೆವು. ಸಾಲಿಗೆ ಹದಿನೈದು ಕುಡಿ ಹಿಡಿದವು. ಮೊದಲ ಹತ್ತು ದಿನ ದಿನ ಬಿಟ್ಟು ದಿನ ನೀರು, ಆಮೇಲೆ ವಾರಕ್ಕೊಮ್ಮೆ. ನೀರನ್ನು ಒಮ್ಮೆ ಹೆಚ್ಚಾಗಿ ಒಮ್ಮೆ ಏನೂ ಇಲ್ಲದಂತೆ ಕೊಟ್ಟರೆ ಗೆಡ್ಡೆಗಳು ಸೀಳುತ್ತವೆ. ತಿಂಗಳಿಗೊಮ್ಮೆ ಬುಡಕ್ಕೆ ಮಣ್ಣೇರಿಸಿ, ಕಂಡ ಬಿರುಕನ್ನೆಲ್ಲ ಮುಚ್ಚಬೇಕು. ಹಬ್ಬಿದ ಬಳ್ಳಿಯು ಗಿಣ್ಣುಗಿಣ್ಣಿಗೆ ಬೇರೂರದಂತೆ ಆಗಾಗ ಮೇಲೆತ್ತಿ ತಿರುಗಿಸಬೇಕು. ಇಲ್ಲವಾದರೆ ಬಲವೆಲ್ಲ ಚದರಿಹೋಗುತ್ತದೆ. ಇವನ್ನೆಲ್ಲ ನಾವು ಒಂದು ಕಾಗದದಲ್ಲಿ ಬರೆದುಕೊಟ್ಟೆವು. ಅತ್ತೆಯವರು ಅದನ್ನು ದೇವರ ಮಾಡದಲ್ಲಿಟ್ಟು, ಎಂದಿನಂತೆ ತಮ್ಮ ರೀತಿಯಲ್ಲಿಯೇ ಮಾಡಿದರು. ತರುವಾಯ ನೋಡಿದರೆ ಅವರ ರೀತಿಗೂ ಕಾಗದಕ್ಕೂ ಹೆಚ್ಚು ಭೇದವಿರಲಿಲ್ಲ.

ದಿನಗಳ ಲೆಕ್ಕವೂ ಇಲ್ಲಿ ಅಂದವಾಗಿ ಕೂಡಿಬರುತ್ತದೆ. ದೀಪಾವಳಿಯ ಅಮಾವಾಸ್ಯೆಯಿಂದ ಶಿವರಾತ್ರಿಗೆ ನಾಲ್ಕು ಚಾಂದ್ರಮಾಸಗಳು, ಅಂದರೆ ಸುಮಾರು ನೂರ ಹದಿನೇಳು ದಿನ. ತಡವಾಗಿ ಬರುವ ಹಳೆಯ ತಳಿಗಳನ್ನು ದೀಪಾವಳಿಗೆ ನೆಟ್ಟರೆ ಶಿವರಾತ್ರಿಯ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತವೆ. ನೂರು ದಿನದ ತಳಿಯಾದರೆ ಕಾರ್ತಿಕದ ಹುಣ್ಣಿಮೆಗೆ ನೆಡಬಹುದು. ಆ ವರ್ಷ ದೀಪಾವಳಿಯು ಅಕ್ಟೋಬರಿನಲ್ಲಿಯೇ ಬಿದ್ದುದರಿಂದ ಶ್ರೀಕನಕವು ಮಕರ ಸಂಕ್ರಾಂತಿಗೇ ಸಿದ್ಧವಾಯಿತು. ಆ ಸಾಲಿನಿಂದ ಮೂರೂವರೆ ಕಿಲೋ ದೊರೆಯಿತೆಂದು ಅತ್ತೆಯವರ ಮಗನು ಉತ್ಸಾಹದಿಂದ ತಿಳಿಸಿದನು. ಅತ್ತೆಯವರ ಅಭಿಪ್ರಾಯವನ್ನು ಕೇಳಿದ್ದಕ್ಕೆ, “ಗಜ್ಜರಿ ತಿಂದಂಗ ಆತು” ಎಂದರಂತೆ. ಕಿತ್ತಳೆ ಗೆಣಸಿನಲ್ಲಿ ಹಿಟ್ಟಿನ ಅಂಶ ಕಡಿಮೆ, ನೀರು ಹೆಚ್ಚು. ಉದುರುವ ಗೆಣಸಿಗೆ ಒಗ್ಗಿದ ನಾಲಗೆಗೆ ಅದು ಸಪ್ಪೆಯೆನಿಸುವುದು ಸಹಜ.

ತೇರಿಗೆ ಎರಡು ದಿನ ಮುಂಚೆ ನಾವು ಕುಟುಂಬಸಮೇತ ಕೊಟ್ಟೂರನ್ನು ಮುಟ್ಟಿದೆವು. ಬೀದಿಗಳಲ್ಲಿ ಕಾಲುನಡಿಗೆಯ ಜನ, ಬೆಂಡು ಬತ್ತಾಸಿನ ಅಂಗಡಿಗಳು, ಮಂಡಕ್ಕಿಯ ರಾಶಿಗಳು, ಎಣ್ಣೆಯಲ್ಲಿ ಕುದಿಯುವ ಮಿರ್ಚಿಯ ಘಾಟು. ಆದರೆ ನಾವು ಮೊದಲು ಹೋದುದು ಹಿತ್ತಲಿಗೆ. ಬಳ್ಳಿಯ ಎಲೆಗಳು ಹಳದಿಯಾಗತೊಡಗಿದ್ದುವು. ಅತ್ತೆಯವರು ಒಂದು ಗೆಡ್ಡೆಯನ್ನು ಬಗೆದು ತೆಗೆದು ಕುಡುಗೋಲಿನಿಂದ ಕತ್ತರಿಸಿ ನಮ್ಮ ಕೈಗಿತ್ತರು. ಕತ್ತರಿಸಿದ ಕಡೆ ಒಸರುವ ಹಾಲು ಬೆಳ್ಳಗೆ ಒಣಗಿದರೆ ಗೆಡ್ಡೆ ಬಲಿತಿದೆ. ಕಪ್ಪು ಹಸಿರಾದರೆ ಇನ್ನೂ ಎಳೆಯದು. ನಾವು ಆ ಹಾಲನ್ನು ನೋಡಲಿಲ್ಲ, ತೂತನ್ನು ಹುಡುಕಿದೆವು. ಅತ್ತೆಯವರು ನಮ್ಮ ಮುಖವನ್ನು ನೋಡಿ ನಕ್ಕರು. ಗೆಡ್ಡೆ ಶುದ್ಧವಾಗಿತ್ತು, ಹಾಲೂ ಬೆಳ್ಳಗೆ ಒಣಗಿತ್ತು.

ಎಲ್ಲವನ್ನೂ ಅಗೆದು ತೂಗಿದಾಗ ಶ್ರೀಭದ್ರಾದ ಸಾಲು ನಾಲ್ಕು ಕಿಲೋ ತೂಗಿತು. ಅದರ ಅವಧಿ ಮೀರಿದ ಮೇಲೂ ನೆಲದಲ್ಲಿಯೇ ಬಿಟ್ಟುದರಿಂದ ಮೇಲಿನ ನಾಲ್ಕಾರು ಗೆಡ್ಡೆಗಳಿಗೆ ಹುಳು ತಗಲಿತ್ತು. ಬೇಗ ಬರುವ ತಳಿಯನ್ನು ಬೇಗ ಕೀಳಬೇಕೆಂಬ ಪಾಠ ನಮಗಾಯಿತು. ಹಳೆಯ ಬಳ್ಳಿಯ ಸಾಲಿನಿಂದ ಬಂದುದು ಎರಡೂಮುಕ್ಕಾಲು ಕಿಲೋ ಮಾತ್ರ. ಆದರೆ ಒಂದರಲ್ಲಿಯೂ ತೂತಿಲ್ಲ. ಕಾರಣವನ್ನು ಅಗೆಯುವಾಗಲೇ ಕಂಡೆವು. ಹೊಸ ತಳಿಗಳ ಗೆಡ್ಡೆಗಳು ಬುಡದಲ್ಲಿ ಗೊಂಚಲಾಗಿ ಮೇಲೆಯೇ ಕುಳಿತಿದ್ದುವು; ಇದರವು ಉದ್ದನೆಯ ಕುತ್ತಿಗೆಯ ತುದಿಯಲ್ಲಿ ಆಳಕ್ಕಿಳಿದಿದ್ದುವು. ಅಗೆಯುವವರಿಗೆ ಕಷ್ಟ, ಹುಳುವಿಗೆ ಅದಕ್ಕಿಂತಲೂ ಕಷ್ಟ. ಎರೆಯ ಬಿರುಕು ಇಲ್ಲದಿದ್ದರೆ ಈ ಬಳ್ಳಿಯು ತನ್ನನ್ನು ತಾನೇ ಕಾಯ್ದುಕೊಳ್ಳಬಲ್ಲದು. ಆ ಮನೆಯಲ್ಲಿ ಅದು ಮೂರು ತಲೆಮಾರು ನಿಂತುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರಿತು.

ಕಿತ್ತ ಗೆಣಸನ್ನು ತೊಳೆಯದೆ, ಮಣ್ಣುದುರಿಸಿ, ಬೆಚ್ಚಗಿರುವ ನೆರಳಿನಲ್ಲಿ ನಾಲ್ಕೈದು ದಿನ ಹರಡಿಟ್ಟರೆ ಗಾಯಗಳು ಮಾಗಿ, ಸಿಹಿಯೂ ಹೆಚ್ಚುತ್ತದೆ. ಅದನ್ನು ಫ್ರಿಜ್ಜಿನಲ್ಲಿ ಇಡಲೇಬಾರದು; ಉಷ್ಣದೇಶದ ಈ ಗೆಡ್ಡೆಯು ಚಳಿಯಲ್ಲಿ ಒಳಗೊಳಗೇ ಗಡುಸಾಗಿ ಕೆಡುತ್ತದೆ. ಬೇಯಿಸುವುದರಲ್ಲಿಯೂ ಒಂದು ಮರ್ಮವುಂಟು. ತಿರುಳಿನಲ್ಲಿರುವ ಒಂದು ಕಿಣ್ವವು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಮಂದವಾದ ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. ಭರದಿಂದ ಕುದಿಸಿದ ಗೆಣಸಿಗಿಂತ ಒಲೆಯ ಬಿಸಿಬೂದಿಯಲ್ಲಿ ಹೂತು ಸುಟ್ಟ ಗೆಣಸು ಸಿಹಿಯಾಗಿರುವುದು ಈ ಕಾರಣದಿಂದಲೇ.

ಕಿತ್ತಳೆ ಗೆಣಸಿಗೂ ಅತ್ತೆಯವರು ಒಂದು ಗತಿ ಕಂಡುಹಿಡಿದಿದ್ದರು. ಸಂಕ್ರಾಂತಿಯದರಲ್ಲಿ ಉಳಿಸಿದ್ದುದನ್ನು ಬೇಯಿಸಿ, ಬೆಲ್ಲ ಏಲಕ್ಕಿ ಬೆರೆಸಿ ಹೂರಣ ಮಾಡಿ, ಗೆಣಸಿನ ಹೋಳಿಗೆಯನ್ನು ತಟ್ಟಿದರು. ಹೂರಣವು ಕೇಸರಿ ಹಾಕಿದಂತೆ ಹೊಳೆಯುತ್ತಿತ್ತು. ಮಕ್ಕಳು ಜಗಳವಾಡಿ ತಿಂದರು. ಮೇಲೆ ಎರೆದ ತುಪ್ಪವೂ ವ್ಯರ್ಥವಲ್ಲ. ಆ ಕ್ಯಾರೋಟಿನ್ ಜಿಡ್ಡಿನೊಡನೆ ಸೇರಿದರೆ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಮಗನ ವಾದವೂ ತಾಯಿಯ ನಾಲಗೆಯೂ ಒಂದೇ ಎಲೆಯ ಮೇಲೆ ರಾಜಿಯಾದುದನ್ನು ಕಂಡು ನಮ್ಮ ಮನೆಯವರು ಆ ಪಾಕವನ್ನು ಬರೆದುಕೊಂಡರು.

ತೇರಿನ ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಯಾತ್ರಿಕರಿದ್ದರು. ಅತ್ತೆಯವರು ಹಳೆಯ ಬಳ್ಳಿಯ ಗೆಣಸನ್ನೇ ಬೇಯಿಸಿ, ತುಂಡು ತುಂಡು ಮಾಡಿ ಹಂಚಿದರು. ಅವರಲ್ಲಿ ಒಬ್ಬ ಮುದುಕಿಯು ಅದನ್ನು ಬಾಯಿಗಿಟ್ಟು, ಇಂತಹುದನ್ನು ತಾನು ಚಿಕ್ಕವಳಿದ್ದಾಗ ತಿಂದಿದ್ದೆನೆಂದು ಹೇಳಿ, ಒಂದು ಕುಡಿಯನ್ನು ಬೇಡಿದಳು. ಅತ್ತೆಯವರು ಒಂದಲ್ಲ, ಐದು ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಆಮೇಲೆ ಓಣಿಯ ನಾಲ್ಕು ಮನೆಗಳಿಗೆ ಕಳುಹಿಸಿದರು. ನಾವು ಹೊರಡುವಾಗ ನಮಗೂ ಒಂದು ಕಟ್ಟು ಬಂದಿತು. ಬಳ್ಳಿಯನ್ನು ತಂದು ಕೆಡಿಸಿದವರ ಕೈಗೆ ಬಳ್ಳಿಯನ್ನೇ ಕೊಟ್ಟು ಕಳುಹಿಸಿದರು. “ಒಂದ ಮನ್ಯಾಗ ಇದ್ರ ಹೋಗತೈತಿ ತಮ್ಮಾ. ಹತ್ತು ಮನ್ಯಾಗ ಇದ್ರ ಎಲ್ಲ್ಯಾರ ಒಂದು ಕಡೆ ಉಳೀತೈತಿ” ಎಂದರು.

ಸಂಶೋಧನಾಲಯಗಳಲ್ಲಿ ತಳಿಗಳನ್ನು ಕಾಪಾಡುವ ತತ್ತ್ವವೂ ಇದಕ್ಕಿಂತ ಬೇರೆಯಲ್ಲ. ಹೊಸ ತಳಿಗಳನ್ನು ನಾವು ಅವಶ್ಯವಾಗಿ ಬೆಳೆಯಬೇಕು. ಅವುಗಳಿಂದ ಮಕ್ಕಳಿಗೆ ಹಿತವುಂಟು, ನೀರಿಗೂ ದಿನಕ್ಕೂ ಉಳಿತಾಯವುಂಟು. ಆದರೆ ಅವುಗಳಿಗೆ ಜಾಗ ಮಾಡಿಕೊಡುವಾಗ ಹಿರಿಯರ ಬಳ್ಳಿಗೆ ಒಂದು ಸಾಲನ್ನಾದರೂ ಬಿಡಬೇಕು. ಹಿತ್ತಲಿಲ್ಲದವರು ಬೇಸಗೆಯಲ್ಲಿ ಒಂದು ಮಡಕೆಯನ್ನಾದರೂ ಇಟ್ಟುಕೊಂಡು, ಅಕ್ಕಿ ತೊಳೆದ ನೀರನ್ನು ಅದಕ್ಕೆ ಎರೆಯಲಿ. ಮನೆಗೆ ತರುವ ಬಳ್ಳಿಯನ್ನು ಮೊದಲು ಸೀಳಿ ನೋಡಲಿ; ಇದನ್ನು ಅನುಭವಿಗಳಾಗಿ ಹೇಳುತ್ತಿದ್ದೇವೆ.

ನಮ್ಮ ಮನೆಯ ಮೇಲ್ಮಾಳಿಗೆಯ ತೊಟ್ಟಿಯಲ್ಲಿ ಆ ಬಳ್ಳಿಯು ಈಗ ಚಿಗುರಿದೆ. ಬೇಸಗೆಯು ಇನ್ನೂ ಕಳೆಯಬೇಕು. ಸಂಜೆಗೊಂದು ಚರಿಗೆ ನೀರನ್ನು ಮರೆಯದೆ ಎರೆಯುತ್ತಿದ್ದೇವೆ.